ಮಂಡ್ಯ ಸೀಮೆಯ ಕೈಗಾರಿಕೆಯಲ್ಲಿ ಕ್ರಮವೂ ನಾವೀನ್ಯವೂ



ತಯಾರಿಕಾ ಉದ್ಯಮಗಳಲ್ಲಿ ದೈನಂದಿನ ಕಾರ್ಯನಿರ್ವಹಣೆಗೂ ನಾವೀನ್ಯಕ್ಕೂ ಇರತಕ್ಕ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ವ್ಯವಸ್ಥಾಪಕರು ನನ್ನನ್ನು ಕೇಳಿಕೊಂಡಾಗ, ಉದಾಹರಣೆಗಳನ್ನು ಎಲ್ಲಿಂದ ಬೇಕಾದರೂ ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟಿದ್ದರು. ಆದರೆ ಕಬ್ಬಿನ ಗಾಡಿಗಳ ಸಾಲನ್ನು ಕಾಣದೆ ಬೆಳೆದವರು ಒಬ್ಬರೂ ಇಲ್ಲದ ಈ ಸಭೆಯಲ್ಲಿ, ನೂರು ವರ್ಷಗಳಿಗೂ ಮೇಲ್ಪಟ್ಟು ನಮ್ಮ ಸೀಮೆಯಲ್ಲಿ ನಡೆದುಬಂದ ಪ್ರಯೋಗವನ್ನು ಬಿಟ್ಟು ದೂರದೇಶದ ದೃಷ್ಟಾಂತಗಳನ್ನು ಅರಸುವುದು ಉಚಿತವಲ್ಲವೆಂದು ನನಗೆ ತೋರಿತು. ನಾನು ಹೇಳಬೇಕೆಂದಿರುವುದು ಒಂದೇ ಮಾತು: ದಿನದಿನದ ಕೆಲಸದಲ್ಲಿ ಕ್ರಮವನ್ನು ಕಾಪಾಡಿಕೊಳ್ಳಲಾರದ ಉದ್ಯಮದಲ್ಲಿ ನಾವೀನ್ಯವು ನೆಲೆಗೊಳ್ಳಲಾರದು, ಮತ್ತು ಮಂಡ್ಯದಂತಹ ಕೃಷಿಮೂಲವಾದ ಕೈಗಾರಿಕಾ ಸೀಮೆಯಲ್ಲಿ ಆ ಕ್ರಮದ ಮೊದಲ ಹೆಜ್ಜೆಯು ಕಾರ್ಖಾನೆಯ ಯಂತ್ರಶಾಲೆಗಿಂತ ಬಹಳ ಮುಂಚೆಯೇ, ರೈತನ ಗದ್ದೆಯಲ್ಲಿಯೇ, ಬೀಳುತ್ತದೆ.

ಕಥೆಯು ಮಳವಳ್ಳಿ ತಾಲೂಕಿನಿಂದ ಮೊದಲಾಗುತ್ತದೆ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ, 92 ಮೈಲಿಗಳ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಅದನ್ನು ಒಯ್ದು ಮುಟ್ಟಿಸಿದ ಕಾರ್ಯವು 1902ರ ಜೂನ್ ತಿಂಗಳಲ್ಲಿ ಸಿದ್ಧಿಸಿತು. ಅದು ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯೋಜನೆಯನ್ನು ರೂಪಿಸಿದವರು ಕೆನಡಾ ದೇಶದಲ್ಲಿ ಹುಟ್ಟಿದ ಸೈನ್ಯದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್. ಈ ಸಾಹಸವನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಟರ್ಬೈನುಗಳನ್ನೂ ತಾಮ್ರದ ತಂತಿಗಳನ್ನೂ ನೆನೆಯುತ್ತೇವೆ. ಉದ್ಯಮಶಾಸ್ತ್ರದ ದೃಷ್ಟಿಯಿಂದ ಅದಕ್ಕಿಂತ ಮಿಗಿಲಾದ ಸಂಗತಿಯೊಂದುಂಟು: ಕಾವೇರಿಯ ದಂಡೆಯ ಮೇಲೆ ಯಂತ್ರಗಳು ಬಂದಿಳಿಯುವುದಕ್ಕೆ ಮೊದಲೇ, ಉತ್ಪನ್ನವಾಗುವ ವಿದ್ಯುತ್ತನ್ನು ಕೊಳ್ಳುವವರು ಯಾರು, ಎಷ್ಟು ಕಾಲ ಕೊಳ್ಳುವರು ಎಂಬುದನ್ನು ಗಣಿಯ ಕಂಪನಿಗಳೊಡನೆ ಒಪ್ಪಂದದ ಮೂಲಕ ನಿಶ್ಚಯಿಸಿಕೊಳ್ಳಲಾಗಿತ್ತು. ಬೇಡಿಕೆಯೂ ಪೂರೈಕೆಯೂ ಕಾಗದದ ಮೇಲೆ ಕೂಡಿದ ಮೇಲೆಯೇ ನದಿಗೂ ಯಂತ್ರಕ್ಕೂ ಕೂಡಿಕೆಯಾಯಿತು.

ಒಂದು ನಾವೀನ್ಯವು ಸಫಲವಾದೊಡನೆ ಅದರ ಬೆನ್ನಿಗೇ ಹೊಸದೊಂದು ಕೊರತೆ ಕಾಣಿಸಿಕೊಳ್ಳುವುದು ಸಹಜ. ಬೇಸಗೆಯಲ್ಲಿ ನದಿಯ ಹರಿವು ಕುಗ್ಗಿದಾಗ ಗಣಿಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ದುಸ್ಸಾಧ್ಯವಾಗುತ್ತಿದ್ದುದರಿಂದ, ನೀರನ್ನು ಕೂಡಿಡುವ ಜಲಾಶಯವೊಂದು ಅವಶ್ಯವೆನಿಸಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣಕ್ಕೆ ನೀರಾವರಿಯ ಆಸೆ ಎಷ್ಟು ಪ್ರೇರಕವಾಯಿತೋ ವಿದ್ಯುತ್ತಿನ ಈ ಅಗತ್ಯವೂ ಅಷ್ಟೇ ಪ್ರೇರಕವಾಯಿತು. ಅಣೆಕಟ್ಟು ಎದ್ದ ಮೇಲೆ ಹುಲಿಕೆರೆಯ ಸುರಂಗವನ್ನು ಕೊರೆದು ಹಾಯಿಸಿದ ನಾಲೆ ಬಂದಿತು. ಮೊದಲಿಗೆ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಆ ನೀರು ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ಹೊಲಗಳನ್ನು ಮುಟ್ಟಿದ ಹೊತ್ತಿಗೆ ಜಗತ್ತಿನಾದ್ಯಂತ ಧಾನ್ಯದ ಬೆಲೆ ಕುಸಿದಿತ್ತು. ನೀರು ಬಂದಿದೆ, ನೀರಿಗಾಗಿ ರಾಜ್ಯವು ಅಪಾರವಾದ ಹಣವನ್ನು ವ್ಯಯಿಸಿದೆ, ಆದರೆ ಆ ವೆಚ್ಚವನ್ನು ಹಿಂದಿರುಗಿಸಬಲ್ಲ ಬೆಳೆ ಯಾವುದು? ಆ ಕಾಲದ ಮೈಸೂರಿನ ಆಡಳಿತಗಾರರ ಮುಂದಿದ್ದ ಪ್ರಶ್ನೆ ಇದು.

ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯರು ಲೆಸ್ಲಿ ಕೋಲ್ಮನ್. ಇವರೂ ಕೆನಡಾ ದೇಶದವರೇ. 1908ರಲ್ಲಿ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದು, ಅನಂತರ ಕೃಷಿ ಇಲಾಖೆಯ ನಿರ್ದೇಶಕರಾದವರು. ಕೋಲ್ಮನ್ನರ ಹಿರಿಮೆಯು ಕಬ್ಬೇ ಆ ಬೆಳೆಯೆಂದು ಕಂಡು ಸಕ್ಕರೆಯ ಕಾರ್ಖಾನೆಯೊಂದನ್ನು ಬೇಡಿದುದರಲ್ಲಿ ಮಾತ್ರ ಇಲ್ಲ. ಹೆಬ್ಬಾಳದ ಪ್ರಯೋಗಕ್ಷೇತ್ರದಲ್ಲಿ ಕಬ್ಬಿನ ಹೊಸ ತಳಿಗಳು ಹುಟ್ಟಬೇಕು, ಅವು ನಾಲೆಯ ಬಯಲಿನ ಮಣ್ಣಿನಲ್ಲಿ ಪರೀಕ್ಷೆಗೊಳಗಾಗಬೇಕು, ಗೆದ್ದ ತಳಿಯ ಬಿತ್ತನೆ ರೈತನ ಕೈಸೇರಬೇಕು, ರೈತನ ಕಬ್ಬು ಕಾರ್ಖಾನೆಗೆ ಬರಬೇಕು ಎಂಬ ಅವಿಚ್ಛಿನ್ನವಾದ ಸರಣಿಯನ್ನು ಅವರು ಮನಸ್ಸಿನಲ್ಲಿ ಕಂಡಿದ್ದರು. ಮಂಡ್ಯದ ಬಳಿಯ, ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಪ್ರಯೋಗಕ್ಷೇತ್ರವಾದ ವಿ.ಸಿ. ಫಾರಂ ಆ ಸರಣಿಯ ಒಂದು ಕೊಂಡಿ. ಹೆಬ್ಬಾಳದಲ್ಲಿ ಹುಟ್ಟಿದ ಎಚ್.ಎಂ. 320 ಎಂಬ ತಳಿ ಅದರ ಒಂದು ಫಲ. ಭಾರತ ಸರ್ಕಾರವು 1932ರಲ್ಲಿ ಜಾವಾ ಸಕ್ಕರೆಯ ವಿರುದ್ಧ ಸುಂಕದ ರಕ್ಷಣೆಯನ್ನು ಕಾನೂನಿನ ಮೂಲಕ ಕೊಟ್ಟದ್ದು ಸಕಾಲಿಕವಾದ ನೆರವಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ 1933ರಲ್ಲಿ, ಸರ್ಕಾರದ ಬಂಡವಾಳವೂ ಪ್ರಜೆಗಳ ಷೇರುಗಳೂ ಕೂಡಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ನಮ್ಮ ಜನ ಮೈಷುಗರ್ ಎಂದು ಕರೆಯುವ ಸಂಸ್ಥೆ ಅದೇ. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಎಂದರೆ ಕಾರ್ಖಾನೆ ಮೊದಲು, ಜಿಲ್ಲೆ ಅನಂತರ.

ನಾಲೆಯ ಆಡಳಿತದಲ್ಲಿ ಅನುಸರಿಸಿದ ಬ್ಲಾಕ್ ಪದ್ಧತಿಯನ್ನೂ ಇಲ್ಲಿ ಹೇಳಬೇಕು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ನೀರಾ ನಾಲೆಯಲ್ಲಿ ಮೊದಲು ಪ್ರಯೋಗಿಸಿದ್ದ ಆ ಪದ್ಧತಿಯ ಪ್ರಕಾರ, ಜಮೀನನ್ನು ಪಾಲುಮಾಡಿ ಕಬ್ಬು, ಭತ್ತ ಮತ್ತು ಅರೆನೀರಾವರಿಯ ಬೆಳೆಗಳನ್ನು ಸರದಿಯಂತೆ ಬೆಳೆಯಬೇಕಾಗಿತ್ತು. ಇದನ್ನು ನೀರಿನ ಮಿತವ್ಯಯದ ಉಪಾಯವೆಂದಷ್ಟೇ ತಿಳಿಯುವವರುಂಟು. ನನ್ನ ದೃಷ್ಟಿಯಲ್ಲಿ ಅದು ಕಾರ್ಖಾನೆಯ ಉತ್ಪಾದನಾ ಯೋಜನೆಯ ಮೊದಲ ಪುಟ. ಯಾವ ವರ್ಷ ಯಾವ ಬಯಲಿನಲ್ಲಿ ಎಷ್ಟು ಕಬ್ಬು ನಿಂತಿರುತ್ತದೆಂಬುದು ಮುಂಚಿತವಾಗಿ ತಿಳಿಯದ ಹೊರತು ಯಾವ ಗಿರಣಿಯೂ ತನ್ನ ಹಂಗಾಮನ್ನು ಗೊತ್ತುಮಾಡಿಕೊಳ್ಳಲಾರದು.

ಈಗ ನನ್ನ ವಿಷಯದ ಹೃದಯಭಾಗಕ್ಕೆ ಬರುತ್ತೇನೆ. ಕಬ್ಬಿನ ಸ್ವಭಾವವೇನು? ಬುಡದಲ್ಲಿ ಕತ್ತಿ ತಾಗಿದ ಕ್ಷಣದಿಂದಲೇ ಅದರೊಳಗಿನ ಸಕ್ಕರೆಯು, ಸಸ್ಯದಲ್ಲಿಯೇ ಇರುವ ಕಿಣ್ವಗಳ ಕ್ರಿಯೆಯಿಂದಲೂ ಕಡಿದ ತುದಿಯಲ್ಲಿ ನುಗ್ಗುವ ಬ್ಯಾಕ್ಟೀರಿಯಾಗಳಿಂದಲೂ ಒಡೆದು, ಹರಳುಗಟ್ಟಲಾರದ ಬೇರೆ ಸಕ್ಕರೆಗಳಾಗಿ ಮಾರ್ಪಡತೊಡಗುತ್ತದೆ. ಜೊತೆಗೆ ತೇವ ಆರಿ ತೂಕವೂ ಇಳಿಯುತ್ತದೆ. ತೂಕದ ನಷ್ಟ ರೈತನದು, ಸಕ್ಕರೆಯ ನಷ್ಟ ಕಾರ್ಖಾನೆಯದು. ಆದುದರಿಂದಲೇ ಕಡಿದ ಕಬ್ಬನ್ನು 24 ಗಂಟೆಗಳೊಳಗೆ ಅರೆಯಬೇಕೆಂಬುದು ಸಕ್ಕರೆಯ ಉದ್ಯಮದ ಸರ್ವಸಮ್ಮತವಾದ ನಿಯಮ. ಮೋಟಾರು ಕಾರಿನ ಕಾರ್ಖಾನೆಯವರು ಬಿಡಿಭಾಗಗಳ ದಾಸ್ತಾನನ್ನು ಇಟ್ಟುಕೊಳ್ಳದೆ, ಬೇಕಾದ ಹೊತ್ತಿಗೆ ಬೇಕಾದಷ್ಟನ್ನೇ ತರಿಸಿಕೊಳ್ಳುವ ಜಪಾನಿನ ಪದ್ಧತಿಯನ್ನು ಇಂದು ಲೋಕವೆಲ್ಲ ಕೊಂಡಾಡುತ್ತದೆ. ಇದೇ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯು ಆ ಪದ್ಧತಿಯನ್ನು ನಮ್ಮ ನೆರೆಗೇ ತಂದಿದೆ. ಆ ಕಂಪನಿಯವರು ಆರಿಸಿಕೊಂಡ ವ್ರತವನ್ನು ಕಬ್ಬು ನಮ್ಮ ಗಿರಣಿಗಳ ಮೇಲೆ ಪ್ರಕೃತಿಯ ಶಾಸನವಾಗಿಯೇ ವಿಧಿಸಿದೆ. ಉಗ್ರಾಣದಲ್ಲಿ ಕೂಡಿಡಲು ಬಾರದ ಕಚ್ಚಾವಸ್ತು ಇದು.

ಈ ಶಾಸನವನ್ನು ಪಾಲಿಸುವ ಉಪಕರಣವೆಂದರೆ ನಮ್ಮ ರೈತರೆಲ್ಲರೂ ಬಲ್ಲ ಆ ಸಣ್ಣ ಚೀಟಿ, ಕಟಾವಿನ ಪರ್ಮಿಟ್. ಫೀಲ್ಡ್‌ಮನ್ ಗದ್ದೆಗೆ ಬಂದು ನಾಟಿಯ ದಿನಾಂಕವನ್ನೂ ತಳಿಯನ್ನೂ, ಹೊಸ ನಾಟಿಯೋ ಕೂಳೆಯೋ ಎಂಬುದನ್ನೂ ಬರೆದುಕೊಳ್ಳುವುದು, ಪಕ್ವತೆಯ ಕ್ರಮದಲ್ಲಿ ಕಟಾವಿನ ಸರದಿ ಗೊತ್ತಾಗುವುದು, ಸರದಿಗೆ ತಕ್ಕಂತೆ ಆಳುಗಳೂ ಲಾರಿಗಳೂ ಒದಗುವುದು, ಇವೆಲ್ಲ ಆ ಚೀಟಿಯ ಹಿಂದೆ ಅಡಗಿರುವ ಶಿಸ್ತು. ಚೀಟಿಯು ಪಕ್ವತೆಯನ್ನು ನೋಡಿ ಹೊರಟಲ್ಲಿ ಇಳುವರಿ ಹೆಚ್ಚುತ್ತದೆ. ಮುಖವನ್ನು ನೋಡಿ ಹೊರಟಲ್ಲಿ, ಒಬ್ಬನ ಗದ್ದೆಯಲ್ಲಿ ಎಳೆಯ ಕಬ್ಬು ಕಡಿಯಲ್ಪಡುತ್ತದೆ, ಮತ್ತೊಬ್ಬನ ಗದ್ದೆಯಲ್ಲಿ ಬಲಿತ ಕಬ್ಬು ಸೂಲಂಗಿ ಬಂದು ಬೆಂಡಾಗುತ್ತದೆ. ಕೋಟ್ಯಂತರ ರೂಪಾಯಿಗಳ ಯಂತ್ರವೂ ಈ ನಷ್ಟವನ್ನು ತುಂಬಿಕೊಡಲಾರದು, ಏಕೆಂದರೆ ಗಿರಣಿಯು ಕಬ್ಬಿನಲ್ಲಿರುವ ಸಕ್ಕರೆಯನ್ನು ಹೊರತೆಗೆಯಬಲ್ಲದೇ ಹೊರತು ಇಲ್ಲದ ಸಕ್ಕರೆಯನ್ನು ಸೃಷ್ಟಿಸಲಾರದು.

ಗೇಟಿನ ಹೊರಗೆ ನಿಲ್ಲುವ ಗಾಡಿಗಳ ಸಾಲನ್ನು ಕುರಿತು ಒಂದು ಗಣಿತವನ್ನು ಹೇಳುತ್ತೇನೆ. ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಸರಳವಾದ ನಿಯಮವೊಂದುಂಟು: ಸಾಲಿನಲ್ಲಿ ನಿಂತಿರುವ ಮೊತ್ತವನ್ನು ಅದು ಒಳಹೋಗುವ ವೇಗದಿಂದ ಭಾಗಿಸಿದರೆ, ಪ್ರತಿಯೊಂದು ಸರಾಸರಿ ಎಷ್ಟು ಹೊತ್ತು ಕಾಯುತ್ತದೆಂಬುದು ದೊರೆಯುತ್ತದೆ. ದಿನಕ್ಕೆ 5,000 ಟನ್ ಅರೆಯುವ ಗಿರಣಿಯ ಅಂಗಳದಲ್ಲಿಯೂ ರಸ್ತೆಯಲ್ಲಿಯೂ ಸೇರಿ 2,500 ಟನ್ ಕಬ್ಬು ನಿಂತಿದ್ದರೆ ಕಾಯುವ ಅವಧಿ 12 ಗಂಟೆ; 7,500 ಟನ್ ನಿಂತಿದ್ದರೆ 36 ಗಂಟೆ. ಗದ್ದೆಯಿಂದ ಗೇಟಿಗೆ ಬರುವ ಹೊತ್ತನ್ನು ಇದಕ್ಕೆ ಕೂಡಿಸಿ ನೋಡಿ. ಯಾವುದೋ ಒಂದು ರೋಲರ್ ಕೆಟ್ಟು ಗಿರಣಿಯು 8 ಗಂಟೆ ನಿಂತಿತೆನ್ನೋಣ. ಆ ಸುದ್ದಿ ಕೂಡಲೇ ಗದ್ದೆಗಳಿಗೆ ಮುಟ್ಟಿ ಕಟಾವು ನಿಧಾನವಾಗದಿದ್ದರೆ, ಅಂದಿನಿಂದ ಬರುವ ಪ್ರತಿಯೊಂದು ಗಾಡಿಯೂ ಮೊದಲಿಗಿಂತ 8 ಗಂಟೆ ಹೆಚ್ಚಾಗಿ ಕಾಯುತ್ತದೆ. ರೋಲರ್ ಸರಿಯಾದ ಮೇಲೂ ಆ ವಿಳಂಬ ಉಳಿದೇ ಇರುತ್ತದೆ. ಅರೆಯುವ ವೇಗ ಬರುವ ವೇಗವನ್ನು ಮೀರಿದಾಗ ಮಾತ್ರ ಅದು ತೀರುವುದು. ಇನ್ನು ಸಕ್ಕರೆಯ ಇಳುವರಿಯಲ್ಲಿ ನೂರಕ್ಕೆ ಅರ್ಧ ಭಾಗ ತಗ್ಗಿದರೂ 5,000 ಟನ್ನಿಗೆ ದಿನವೊಂದಕ್ಕೆ 25 ಟನ್, ಅಂದರೆ 250 ಕ್ವಿಂಟಲ್ ಸಕ್ಕರೆ ಕೈತಪ್ಪುತ್ತದೆ. ನಮ್ಮ ಸೀಮೆಯ ಇಳುವರಿಯು ಬೆಳಗಾವಿ ಸೀಮೆಯದಕ್ಕಿಂತ ಮೊದಲೇ ಕಡಮೆ. ನಾಲೆಯ ನೀರಿನ ಅನುಕೂಲದಿಂದ ಇಲ್ಲಿ ಮಳೆಗಾಲದಲ್ಲಿಯೇ ಅರೆಯುವ ರೂಢಿಯಿದ್ದು, ಕಬ್ಬಿನಲ್ಲಿ ಸಕ್ಕರೆ ತುಂಬಿಕೊಳ್ಳುವ ಚಳಿಗಾಲದ ಒಣ ತಂಪು ಇಡೀ ಹಂಗಾಮಿಗೆ ದೊರೆಯುವುದಿಲ್ಲ. ಹೀಗಿರುವಾಗ ಕಾಯಿಸುವುದರಿಂದಾಗುವ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ನಮಗೆ ಇನ್ನೂ ಕಡಮೆ.

ಗಿರಣಿಯ ಒಳಗಿನ ನಾವೀನ್ಯದ ಕಥೆಯೂ ಮಹತ್ತರವಾದುದೇ. ಕಬ್ಬಿನ ಹಾಲನ್ನು ಮುಚ್ಚಳವಿಲ್ಲದ ಕೊಪ್ಪರಿಗೆಗಳಲ್ಲಿ ಕುದಿಸಿ ಅಪಾರವಾದ ಸೌದೆಯನ್ನು ಸುಡುತ್ತಿದ್ದ ಕಾಲದಲ್ಲಿ, ಅಮೆರಿಕದ ಲೂಸಿಯಾನಾದಲ್ಲಿ ಕಪ್ಪುವರ್ಣದ ತಾಯಿಗೆ ಹುಟ್ಟಿ, ವರ್ಣಭೇದದ ಅವಮಾನವನ್ನು ಅನುಭವಿಸಿಯೂ ಎದೆಗುಂದದ ನಾರ್ಬರ್ಟ್ ರಿಲಿಯೂ ಎಂಬ ಎಂಜಿನಿಯರ್, ಮೊದಲ ಪಾತ್ರೆಯಿಂದೇಳುವ ಹಬೆಯೇ ಕಡಮೆ ಒತ್ತಡದ ಎರಡನೆಯ ಪಾತ್ರೆಯನ್ನು ಕುದಿಸುವಂತೆ, ಅದರ ಹಬೆಯು ಮೂರನೆಯದನ್ನು ಕುದಿಸುವಂತೆ ಯಂತ್ರವನ್ನು ರಚಿಸಿ 1840ರ ದಶಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಮಂಡ್ಯದಲ್ಲಾಗಲಿ, ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿಯಲ್ಲಾಗಲಿ, ಕೊಪ್ಪದಲ್ಲಾಗಲಿ ಕಬ್ಬಿನ ಹಾಲು ಮಂದವಾಗುವುದು ಅದೇ ತತ್ತ್ವದಿಂದ. ಹಬೆಯ ಈ ಮಿತವ್ಯಯದ ಫಲವಾಗಿಯೇ, ಕಬ್ಬಿನ ತೂಕದಲ್ಲಿ ನೂರಕ್ಕೆ 30ರಷ್ಟಿರುವ ಸಿಪ್ಪೆಯು ಬಾಯ್ಲರಿಗೆ ಸಾಕಾಗಿ ಮಿಗುತ್ತದೆ. ಮಿಕ್ಕದ್ದರಿಂದ ವಿದ್ಯುತ್ತು, ಕಾಕಂಬಿಯಿಂದ ಮದ್ಯಸಾರ, ಮಡ್ಡಿಯಿಂದ ಗೊಬ್ಬರ. ಬೆಳಗೊಳದಲ್ಲಿ ಇದೇ ಸಿಪ್ಪೆಯಿಂದ ಕಾಗದವನ್ನು ಮಾಡುವ ಕಾರ್ಖಾನೆಯೂ ನಡೆದು ಕಾಲಾನಂತರದಲ್ಲಿ ಮುಚ್ಚಿಹೋಯಿತು. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ವಿಚಾರಕ್ಕೆ 1948ರಷ್ಟು ಹಿಂದೆಯೇ ದೇಶದಲ್ಲಿ ಕಾನೂನಾಗಿತ್ತು; ನೂರಕ್ಕೆ 20ರಷ್ಟು ಬೆರಕೆ ಈಚೆಗೆ ಕೈಗೂಡಿದೆ.

ಆದರೆ ಸಭಿಕರೇ, ಈ ಎಲ್ಲ ಉಪೋತ್ಪನ್ನಗಳೂ ನಿಂತಿರುವುದು ಗಿರಣಿಯು ತಡೆಯಿಲ್ಲದೆ ಓಡುವುದರ ಮೇಲೆ. ಮತ್ತೆ ಮತ್ತೆ ನಿಂತು ಹೊರಡುವ ಗಿರಣಿಯು ತನ್ನ ಸಿಪ್ಪೆಯನ್ನು ಬಾಯ್ಲರನ್ನು ಕಾಯಿಸುವುದಕ್ಕೇ ಕಳೆದುಕೊಳ್ಳುತ್ತದೆ. ವಿದ್ಯುತ್ತನ್ನು ಮಾರುವ ಮಾತು ಅಲ್ಲಿಗೆ ಮುಗಿಯುತ್ತದೆ. ಹಂಗಾಮು ಮುಗಿದೊಡನೆ ರೋಲರುಗಳ ಸವೆದ ಹಲ್ಲುಗಳನ್ನು ಸರಿಪಡಿಸುವುದು, ಹಬೆಯ ಕೊಳವೆಗಳಲ್ಲಿ ಕಟ್ಟಿದ ಗಸಿಯನ್ನು ಕೆರೆಯುವುದು, ಬಾಯ್ಲರನ್ನು ಪರೀಕ್ಷಿಸುವುದು ಎಂಬ ಕೆಲಸಗಳಿಗೆ ಹೊಸ ಯಂತ್ರವನ್ನು ಉದ್ಘಾಟಿಸುವ ಸಮಾರಂಭದ ವೈಭವವಿಲ್ಲ. ಬಾಯ್ಲರಿಗೆ ಅಗ್ನಿಸ್ಪರ್ಶವಾದ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಕೊಳವೆ ಕೆರೆದ ಫಿಟ್ಟರನ ಚಿತ್ರ ಬರುವುದಿಲ್ಲ. ಆ ಫಿಟ್ಟರನೇ ನಾವೀನ್ಯದ ನಿಜವಾದ ರಕ್ಷಕನೆಂದು ನಾನು ದೃಢವಾಗಿ ನಂಬಿದ್ದೇನೆ. ಅರೆಯುವ ಸಾಮರ್ಥ್ಯವನ್ನು ಹಿಗ್ಗಿಸಿ, ಹಿಗ್ಗಿಸಿದಷ್ಟಕ್ಕೆ ಕಬ್ಬನ್ನೂ ದುರಸ್ತಿಯನ್ನೂ ನುರಿತ ಕೈಗಳನ್ನೂ ಒದಗಿಸದಿರುವುದನ್ನು ನಾವೀನ್ಯವೆಂದು ಕರೆಯುವುದು ತಪ್ಪು.

ಇಂತಹ ಕ್ರಮಕ್ಕೆ ನಮ್ಮ ನೆರೆಯಲ್ಲಿಯೇ ಮತ್ತೊಂದು ನಿದರ್ಶನವಿದೆ: ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲೆಯ ಹಾಲು ಒಕ್ಕೂಟದ ಡೇರಿಯುಂಟು. ಹಾಲು ಕಬ್ಬಿಗಿಂತಲೂ ಬೇಗ ಕೆಡುವ ವಸ್ತು. ಆದರೂ ಬೆಳಿಗ್ಗೆ ಮತ್ತು ಸಂಜೆ ಹಳ್ಳಿಯ ಸಂಘದಲ್ಲಿ ಅದನ್ನು ಅಳೆದು, ಅದರ ಜಿಡ್ಡಿನಂಶವನ್ನು ಪರೀಕ್ಷಿಸಿ, ಕೊಟ್ಟವರ ಕಣ್ಣೆದುರಿಗೇ ಬರೆದುಕೊಂಡು, ಗುಣಕ್ಕೆ ತಕ್ಕ ಬೆಲೆಯನ್ನು ಕಟ್ಟುವ ಪದ್ಧತಿ ನಮ್ಮ ಹೆಣ್ಣುಮಕ್ಕಳಿಗೆಲ್ಲ ಪರಿಚಿತವಾಗಿದೆ. ಕಬ್ಬಿನ ವಿಷಯದಲ್ಲಿ ಹೀಗಿಲ್ಲ. ರೈತನಿಗೆ ಸಲ್ಲುವ ಬೆಲೆಯು ತೂಕವನ್ನೂ ಇಡೀ ಕಾರ್ಖಾನೆಯ ಸರಾಸರಿ ಇಳುವರಿಯನ್ನೂ ಅವಲಂಬಿಸಿದೆ. ತನ್ನ ಗದ್ದೆಯ ಕಬ್ಬಿನಲ್ಲಿ ಸಕ್ಕರೆ ಎಷ್ಟಿತ್ತೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಪಕ್ವವಾಗುವವರೆಗೆ ಕಾದು, ಸೋಗೆ ಬೇರುಗಳನ್ನು ಕಳೆದು, ಸ್ವಚ್ಛವಾಗಿ ತಂದ ರೈತನಿಗೂ ಹಾಗಲ್ಲದವನಿಗೂ ಒಂದೇ ದರವೆಂದ ಮೇಲೆ, ಒಳ್ಳೆಯ ತಳಿಯನ್ನು ಹರಡುವ ವಿಜ್ಞಾನಿಯ ಶ್ರಮಕ್ಕೆ ಗದ್ದೆಯಲ್ಲಿ ಒತ್ತಾಸೆಯಾಗುವುದು ಹೇಗೆ? ಒಂದೇ ತಾಲೂಕಿನಲ್ಲಿ, ಒಂದೇ ಮನೆಯ ಹಿತ್ತಿಲಿನಿಂದ ಹೊರಡುವ ಎರಡು ಪದಾರ್ಥಗಳಿಗೆ ಎರಡು ಬಗೆಯ ನ್ಯಾಯ ನಡೆಯುತ್ತಿರುವುದನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತರುಣರು ಪರ್ಯಾಲೋಚಿಸಬೇಕು. ಒಬ್ಬೊಬ್ಬ ಬೆಳೆಗಾರನ ಕಬ್ಬಿನಿಂದಲೂ ಮಾದರಿಯನ್ನು ತೆಗೆದು ಪರೀಕ್ಷಿಸಿ ಬೆಲೆ ಕಟ್ಟುವ ಪದ್ಧತಿ ಬ್ರೆಜಿಲ್, ಆಸ್ಟ್ರೇಲಿಯಾ ಮೊದಲಾದ ಕಬ್ಬಿನ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಸಣ್ಣ ಹಿಡುವಳಿಗಳ ನಮ್ಮ ಸೀಮೆಯಲ್ಲಿ ಅದು ಕಷ್ಟವೆಂಬುದು ನಿಜ. ಆದರೆ ಹಾಲಿನಲ್ಲಿ ಅದಕ್ಕಿಂತ ಸಣ್ಣ ಪ್ರಮಾಣಗಳಲ್ಲಿ ಸಾಧ್ಯವಾಗಿದೆ.

ಹಣ ಪಾವತಿಯ ಕಾಲವೂ ಉತ್ಪಾದನಾಕ್ರಮದ ಒಂದು ಅಂಗವೇ. ಕಬ್ಬು ಕೊಟ್ಟ 14 ದಿನಗಳೊಳಗೆ ಬೆಲೆಯನ್ನು ಸಲ್ಲಿಸಬೇಕು, ತಪ್ಪಿದರೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯೇ ವಿಧಿಸಿದೆ. ಈ ಅವಧಿ ಮೀರಿದಾಗ ರೈತನು ಮಾಡುವುದೇನು? ಆಲೆಮನೆಯತ್ತ ತಿರುಗುತ್ತಾನೆ. ಆಲೆಮನೆಯನ್ನು ಹಿಂದುಳಿದ ಉದ್ಯಮವೆಂದು ಉಪೇಕ್ಷಿಸುವವರು ಅದರ ಚುರುಕನ್ನು ಗಮನಿಸಿಲ್ಲ. ಗದ್ದೆಯ ಪಕ್ಕದಲ್ಲಿಯೇ ಗಾಣ, ಬೆಳಿಗ್ಗೆ ಕಡಿದ ಕಬ್ಬು ಸಂಜೆಗೆ ಅಚ್ಚಿನಲ್ಲಿ ಬೆಲ್ಲ, ಮಾರನೆಯ ದಿನ ಮಂಡ್ಯದ ಮಾರುಕಟ್ಟೆಯಲ್ಲಿ ಹಣ. ಕಾಲದ ನಿರ್ವಹಣೆಯಲ್ಲಿ ಅದು ದೊಡ್ಡ ಗಿರಣಿಗಳಿಗೆ ಪಾಠ ಹೇಳಬಲ್ಲದು. ಅದರ ದೌರ್ಬಲ್ಯ ಬೇರೆಡೆ ಇದೆ: ಒಲೆಯಲ್ಲಿ ಉರುವಲಿನ ಅಪವ್ಯಯ, ಬಣ್ಣ ತಿಳಿಯಾಗಲೆಂದು ಸುರಿಯುವ ಹೈಡ್ರೋಸ್, ಅಗ್ಗದ ಸಕ್ಕರೆಯನ್ನು ಬೆಲ್ಲಕ್ಕೆ ಬೆರೆಸುವ ದುರಭ್ಯಾಸ. ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲನ್ನು ತಿಳಿಗೊಳಿಸುವ ಹಿರಿಯರ ಕ್ರಮವು ಕೈಬಿಟ್ಟುಹೋಗುತ್ತಿರುವಾಗಲೇ ರಾಸಾಯನಿಕವಿಲ್ಲದ ಬೆಲ್ಲಕ್ಕೆ ಪಟ್ಟಣಗಳಲ್ಲಿ ಬೆಲೆ ಏರಿದೆ. ಒಂದು ಜಿಲ್ಲೆಗೆ ಒಂದು ಉತ್ಪನ್ನವೆಂಬ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಗೊತ್ತಾಗಿರುವುದು ಯೋಗ್ಯವಾಗಿದೆ. ಉತ್ತಮವಾದ ಒಲೆ, ಪರೀಕ್ಷೆ, ಹೆಸರಿನ ರಕ್ಷಣೆ ಇವು ಮೂರೂ ಕೂಡಿಬಂದರೆ ಆ ಗೌರವ ಸಾರ್ಥಕವಾದೀತು.

ಮೈಷುಗರ್ ಹಲವು ಹಂಗಾಮುಗಳ ಕಾಲ ನಿಂತಿದ್ದು, 2022ರಲ್ಲಿ ಸರ್ಕಾರದ ಒಡೆತನದಲ್ಲಿಯೇ ಮತ್ತೆ ಅರೆಯತೊಡಗಿದಾಗ ಈ ಜಿಲ್ಲೆಯಲ್ಲಿ ಹಬ್ಬವೇ ಆಯಿತು. ಅದನ್ನು ಖಾಸಗಿಯವರಿಗೆ ಒಪ್ಪಿಸಬೇಕೋ ಸರ್ಕಾರವೇ ನಡೆಸಬೇಕೋ ಎಂಬ ವಾದದಲ್ಲಿ ವರ್ಷಗಳೇ ಕಳೆದವು. ಒಡೆತನದ ಪ್ರಶ್ನೆ ಕ್ಷುಲ್ಲಕವಲ್ಲ. ರೈತರ ಷೇರಿನಿಂದಲೂ ಪ್ರಜೆಗಳ ತೆರಿಗೆಯಿಂದಲೂ ಕಟ್ಟಿದ ಸಂಸ್ಥೆಯು ಸಾರ್ವಜನಿಕವಾಗಿ ಉಳಿಯಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಒಡೆಯನು ಯಾರೇ ಆಗಿರಲಿ, ಪರ್ಮಿಟ್ ಸರದಿ ತಪ್ಪಿದರೆ, ದುರಸ್ತಿ ತಡವಾದರೆ, ಹಣ ನಿಂತರೆ ಕಬ್ಬು ಬೇರೆ ದಾರಿ ಹಿಡಿಯುತ್ತದೆ. ಕಬ್ಬಿಲ್ಲದ ಕಾರ್ಖಾನೆಯನ್ನು ಯಾವ ಅನುದಾನವೂ ಬದುಕಿಸಲಾರದು.

ಆದುದರಿಂದ ನಮ್ಮ ಸೀಮೆಯ ಸಕ್ಕರೆ ಕಾರ್ಖಾನೆಗಳ ಆಡಳಿತವರ್ಗದವರಲ್ಲಿ, ಸರ್ಕಾರಿ ಖಾಸಗಿ ಎಂಬ ಭೇದವಿಲ್ಲದೆ, ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳುತ್ತೇನೆ. ಹಂಗಾಮಿನ ಪ್ರತಿದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನ ಮುಂದಿನ ಫಲಕದ ಮೇಲೆ ನಾಲ್ಕು ಸಂಗತಿಗಳನ್ನು ಎಲ್ಲರಿಗೂ ಕಾಣುವಂತೆ ಬರೆಯಿಸಿರಿ: ನಿನ್ನೆ ಅರೆದ ಕಬ್ಬೆಷ್ಟು, ಗಿರಣಿ ಯಾವ ಕಾರಣಕ್ಕೆ ಎಷ್ಟು ಗಂಟೆ ನಿಂತಿತು, ಕಡಿದ ಕಬ್ಬು ಅರೆಯಲ್ಪಡುವವರೆಗೆ ಸರಾಸರಿ ಎಷ್ಟು ಹೊತ್ತು ಕಾಯಿತು, ಯಾವ ದಿನಾಂಕದವರೆಗಿನ ಕಬ್ಬಿಗೆ ಹಣ ಸಂದಾಯವಾಗಿದೆ. ಇದಕ್ಕೆ ಬೇಕಾದದ್ದು ಒಂದು ಹಲಗೆ, ಒಂದು ಸೀಮೆಸುಣ್ಣ ಮತ್ತು ನಿಜವನ್ನು ಬರೆಯುವ ಒಬ್ಬ ಗುಮಾಸ್ತ. ರೈತಸಂಘಗಳವರು ಮುಂದಿನ ಹಂಗಾಮಿಗೆ ಮೊದಲೇ ಇದನ್ನು ಕೇಳಿ ಪಡೆಯಬೇಕೆಂದು ಪ್ರಾರ್ಥಿಸುತ್ತೇನೆ.